ಕನ್ಸೆಂಟ್ ಪತ್ರ ಕನ್ನಡದಲ್ಲಿ ಕೊಡಿ, ಗೇಟಿಗೆ ಹಾಕಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಾಲಿನ್ಯ ನಿಯಂತ್ರಣ ಮಂಡಳಿ, ಅಂದ್ರೆ ಪೊಲ್ಯೂಶನ್ ಬೋರ್ಡು, ಉದ್ದಿಮೆ ನಡೆಸೋಕೆ ನಮಗೆ ಕೊಡೋ ಕನ್ಸೆಂಟ್ (ಒಪ್ಪಿಗೆ) ಪತ್ರದ ಬಗ್ಗೆ ಬರೀತಿದ್ದೇನೆ. ಪತ್ರ ಉದ್ದ ಆಗ್ತದೆ, ಗೊತ್ತು, ಆದ್ರೂ ದಯವಿಟ್ಟು ಕತ್ತರಿಸದೇ ಹಾಕಿ. ಕುಮಟಾದಿಂದ ಮಿರ್ಜಾನ್ ಕಡೆ ಹೋಗುವಾಗ ಹೈವೇ ಬದಿಗೆ ನಂದೊಂದು ಸರ್ವಿಸ್ ಸ್ಟೇಶನ್ ಇದೆ, ಶುರು ಮಾಡಿ ಹದಿನಾರು ವರ್ಷ ಆಯ್ತು. ಲಾರಿ, ಟೆಂಪೋ, ಕಾರು, ಬೈಕು ಎಲ್ಲಾ ಬರ್ತವೆ, ವಾಶಿಂಗ್, ಆಯಿಲ್ ಚೇಂಜ್, ಗ್ರೀಸ್ ಹೊಡೆಯೋದು, ಸಣ್ಣಪುಟ್ಟ ಎಂಜಿನ್ ಕೆಲಸ, ನಾಲ್ಕು ಹುಡುಗರಿದ್ದಾರೆ. ಪರಿಸರದ ಬಗ್ಗೆ ಮಾತಾಡೋರಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ, 1983ರಲ್ಲಿ ಸಿರ್ಸಿ ಸಾಲ್ಕಣಿ ಕಡೆ ಮರ ಅಪ್ಕೊಂಡು ನಿಂತ ಜನರ ಜಿಲ್ಲೆ ಇದು. ಆದ್ರೆ ನನ್ನಂಥ ಗ್ಯಾರೇಜಿನವ, ಐಸ್ ಪ್ಲಾಂಟಿನವ, ಗೇರುಬೀಜ ಫ್ಯಾಕ್ಟರಿಯವ ಈ ವಿಷಯಕ್ಕೆ ಪತ್ರ ಬರೆದದ್ದು ನಾನು ಕಂಡಿಲ್ಲ, ಹಾಗಾಗಿ ಬರೀತಿದ್ದೇನೆ.

ಹೋದ ವರ್ಷ ಮೇ ಕೊನೆಗೆ ಮೊದಲ ಜೋರು ಮಳೆ ಹೊಯ್ದು ಎರಡು ದಿನ ಆಗಿತ್ತು, ಒಬ್ಬರು ಅಮ್ಮ ಅಂಗಡಿಗೆ ಬಂದ್ರು. ಅಘನಾಶಿನಿ ಹೊಳೆಯಲ್ಲಿ ಇಳಿತ ಆದಾಗ ಕೆಸರಿಗಿಳಿದು ಬಳಚು, ಅಂದ್ರೆ ತಿನ್ನೋ ಚಿಪ್ಪಿನ ಜೀವಿ, ಆರಿಸಿ ಮಾರುವವರು, ಮುಖ ಗೊತ್ತು ನಂಗೆ, ಹೆಸರು ಗೊತ್ತಿಲ್ಲ. ತಲೆ ಮೇಲಿಂದ ಬುಟ್ಟಿ ಇಳಿಸಿ ನನ್ನ ಕ್ಯಾಶ್ ಟೇಬಲ್ ಮೇಲೇ ಇಟ್ಟು, ಒಂದು ಬಳಚು ಬಿಡಿಸಿ ಮೂಗಿನ ಹತ್ರ ಹಿಡಿದು "ಮೂಸಿ ನೋಡು ತಮ್ಮಾ" ಅಂದ್ರು, ಅಷ್ಟೇ. ಮೂಸಿದೆ. ಉಪ್ಪುನೀರು, ಕೆಸರು, ಅದರ ಹಿಂದೆ ಇನ್ನೊಂದು ವಾಸನೆ. ನನ್ನ ಕೈಗೆ ಹಗಲಿಡೀ ಆಯಿಲ್ ವಾಸನೆ ಇರ್ತದಲ್ಲ, ಅದೇ ಇರಬೇಕು ಅಂದ್ಕೊಂಡು ಹಿಂದೆ ಹೋಗಿ ಸೋಪು ಹಾಕಿ ಮೊಣಕೈವರೆಗೆ ತಿಕ್ಕಿ ತೊಳ್ಕೊಂಡು ಬಂದು ನಾನೇ ಇನ್ನೊಂದು ಬಿಡಿಸಿ ಮೂಸಿದೆ. ಅದೇ ವಾಸನೆ. ಎಂಜಿನ್ನಿಂದ ಇಳಿಸಿದ ಸುಟ್ಟ ಆಯಿಲ್, ಹದಿನಾರು ವರ್ಷದಿಂದ ಉಸಿರಾಡ್ತಾ ಇದ್ದೇನೆ ಅದನ್ನ, ನಂಗೆ ತಪ್ಪೋಕೆ ಸಾಧ್ಯ ಇಲ್ಲ. "ಪ್ಯಾಟೇಲಿ ಯಾರೂ ತಕ್ಕಂಡಿಲ್ಲ, ತಕ್ಕಂಡವ್ರೂ ವಾಪಸ್ ತಂದ್ಕೊಟ್ರು" ಅಂದ್ರು. ಬಯ್ಯಲಿಲ್ಲ, ದುಡ್ಡು ಕೇಳಲಿಲ್ಲ, ಬುಟ್ಟಿಯಲ್ಲಿದ್ದ ಬಳಚನ್ನೆಲ್ಲಾ ನನ್ನ ವಾಶಿಂಗ್ ರ‍್ಯಾಂಪ್ ಪಕ್ಕ ಸುರುವಿ ಖಾಲಿ ಬುಟ್ಟಿ ತಗೊಂಡು ಹೋದ್ರು.

ಮೀನಾದ್ರೆ ನೀರು ಕೆಟ್ಟಿದೆ ಅಂತ ಆಚೆ ಹೋಗ್ತದೆ. ಬಳಚು ಎಲ್ಲಿ ಹೋಗ್ತದೆ? ಕೂತಲ್ಲೇ ನೀರನ್ನ ಒಳಗೆಳ್ಕೊಂಡು ಸೋಸಿ ಅದರಲ್ಲಿ ಸಿಕ್ಕಿದ್ದು ತಿಂದು ಬದುಕೋ ಜೀವ, ನೀರಲ್ಲಿ ಎಣ್ಣೆ ಇದ್ರೆ ಎಣ್ಣೆಯನ್ನೂ ಮೈಯೊಳಗೆ ಸೇರಿಸ್ಕೊಳ್ತದೆ. ಅವತ್ತು ಸಂಜೆ ಛತ್ರಿ ಹಿಡ್ಕೊಂಡು ನನ್ನ ರ‍್ಯಾಂಪಿನ ನೀರಿನ ಹಿಂದೇ ನಡ್ಕೊಂಡು ಹೋದೆ. ಗಟಾರ, ಹೈವೇ ಅಡಿಯ ಪೈಪು, ಆಚೆ ಬದಿಯ ಹಳ್ಳ, ಅಲ್ಲಿಂದ ಗಜನಿ, ಅಂದ್ರೆ ಹೊಳೆ ಬದಿಯ ಉಪ್ಪುನೀರಿನ ಗದ್ದೆ. ಅಣ್ಣತಮ್ಮಂದಿರು ಸೇರಿ ಕಗ್ಗ ಭತ್ತ ಬಿತ್ತುವ ಗಜನಿ ಅದು. ಗಜನಿಯ ಕಟ್ಟೆ ಬಾಗಿಲು ತೆಗೆದ್ರೆ ಸೀದಾ ಹೊಳೆ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿಸಿದ್ರಲ್ಲ ಅಘನಾಶಿನಿ ಅಳಿವೆಯನ್ನ, 4,801 ಹೆಕ್ಟೇರ್, ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ, ಪೇಪರಲ್ಲಿ ಓದಿ ಹೆಮ್ಮೆ ಪಟ್ಟಿದ್ದೆ. ಹಳ್ಳದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಅಷ್ಟಗಲ ತೇಲ್ತಾ ಇತ್ತು.

ಈಗ ಮುಖ್ಯ ವಿಷಯ. ನನ್ನ ಹತ್ರ ಪೊಲ್ಯೂಶನ್ ಬೋರ್ಡಿನ ಕನ್ಸೆಂಟ್ ಇದೆ, ಕಳ್ಳ ಅಂಗಡಿ ಅಲ್ಲ ನಂದು. ಬ್ಯಾಂಕ್ ಲೋನಿಗೆ ಬೇಕು ಅಂದಾಗ ಒಬ್ಬ ಏಜೆಂಟರನ್ನ ಹಿಡಿದೆ, ಫೀಸು ಕೊಟ್ಟೆ, ಅವರು ತೋರಿಸಿದ ಕಡೆ ಎಲ್ಲಾ ಸಹಿ ಹಾಕಿದೆ, ಇಂತಿಷ್ಟು ದಿನಕ್ಕೆ ಒಂಬತ್ತು ಪುಟದ ಪತ್ರ ಬಂತು, ಪೂರ್ತಿ ಇಂಗ್ಲಿಷು. ಇದರಲ್ಲಿ ಎಂತ ಉಂಟು ಅಂತ ಕೇಳಿದ್ದಕ್ಕೆ ಏಜೆಂಟ್ರು "ಎಲ್ಲರಿಗೂ ಕೊಡೋದೇ ಅದು, ನೀವು ಓದಿ ಎಂತ ಮಾಡ್ತೀರಿ, ರಿನ್ಯೂವಲ್ ಬಂದಾಗ ನಾನೇ ಫೋನ್ ಮಾಡ್ತೆ" ಅಂದ್ರು. ನಾನು ಮೊದಲ ಪುಟಕ್ಕೆ ಫ್ರೇಮ್ ಹಾಕಿಸಿ ಗಣಪತಿ ಫೋಟೋ ಪಕ್ಕ ನೇತುಹಾಕಿದೆ, ಉಳಿದ ಎಂಟು ಪುಟ ಕಪಾಟಿನಲ್ಲಿ. ಬಳಚಿನ ಅಮ್ಮ ಬಂದುಹೋದ ರಾತ್ರಿ ಆ ಎಂಟು ಪುಟ ತೆಗೆದು, ಪಿಯುಸಿ ಸೈನ್ಸ್ ಓದೋ ಮಗಳನ್ನ ಕೂರಿಸ್ಕೊಂಡು ಮೊಬೈಲಲ್ಲಿ ಒಂದೊಂದೇ ಶಬ್ದ ನೋಡ್ತಾ ಓದಿದ್ವಿ, ಎರಡು ರಾತ್ರಿ ಹಿಡೀತು.

ಆ ಎಂಟು ಪುಟದಲ್ಲಿ ಎಲ್ಲಾ ಇತ್ತು ಮಾರಾಯ್ರೇ! ವಾಶಿಂಗ್ ನೀರು ಸೀದಾ ಹೊರಗೆ ಬಿಡಬಾರದು, ಎಣ್ಣೆ ಬೇರ್ಪಡಿಸೋ ಟ್ಯಾಂಕ್ ಕಟ್ಟಬೇಕು, ಹೊರಗೆ ಹೋಗೋ ನೀರಲ್ಲಿ ಎಣ್ಣೆ ಮತ್ತು ಗ್ರೀಸು ಲೀಟರಿಗೆ 10 ಮಿಲಿಗ್ರಾಂ ದಾಟಬಾರದು, ಪಿಎಚ್, ಅಂದ್ರೆ ನೀರಿನ ಹುಳಿ-ಕ್ಷಾರದ ಅಳತೆ, 5.5ರಿಂದ 9ರ ಒಳಗಿರಬೇಕು. ಸುಟ್ಟ ಆಯಿಲ್ಲು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದನ್ನ ಪರವಾನಗಿ ಇದ್ದ ರಿಸೈಕ್ಲರಿಗೇ ಕೊಡಬೇಕು, 90 ದಿನಕ್ಕಿಂತ ಜಾಸ್ತಿ ಇಟ್ಕೊಳ್ಳುವ ಹಾಗಿಲ್ಲ, ಎಷ್ಟು ಬಂತು ಎಷ್ಟು ಹೋಯ್ತು ಅಂತ ಪುಸ್ತಕ ಬರೀಬೇಕು, ಪ್ರತಿ ವರ್ಷ ಜೂನ್ 30ರೊಳಗೆ ಅದರ ಲೆಕ್ಕ ಕಳಿಸಬೇಕು, ಸೆಪ್ಟೆಂಬರ್ 30ರೊಳಗೆ ಪರಿಸರ ಹೇಳಿಕೆ ಅಂತ ಇನ್ನೊಂದು. ನಾನು ಇವ್ಯಾವುದನ್ನೂ ಮಾಡಿರಲಿಲ್ಲ. ಮಾಡೋದಿಲ್ಲ ಅಂತ ಹಟಕ್ಕೆ ಬಿದ್ದು ಬಿಟ್ಟಿದ್ದಲ್ಲ, ಹೀಗೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಸಹಿ ಮಾತ್ರ ನಂದೇ, ಅರ್ಜಿಯ ಪ್ರತಿ ಪುಟದ ಕೆಳಗೆ. ತಪ್ಪು ನಂದು, ಅದರಲ್ಲಿ ಎರಡು ಮಾತಿಲ್ಲ, ಆ ಅಮ್ಮನ ಒಂದು ದಿನದ ದುಡಿಮೆ ನನ್ನಿಂದ ಹೋಯ್ತು, ಅದಕ್ಕೂ ಮೊದಲು ಎಷ್ಟು ದಿನದ್ದು ಹೋಗಿದೆಯೋ.

ಆ ಟ್ಯಾಂಕಾದ್ರೂ ಎಂತ ದೊಡ್ಡ ವಿದ್ಯೆ ಅಂದ್ಕೊಂಡಿದ್ದೀರಿ? ಮೂರು ಖಾನೆ ಸಿಮೆಂಟ್ ತೊಟ್ಟಿ. ಮೊದಲ ಖಾನೆಯಲ್ಲಿ ಮಣ್ಣು, ಮರಳು ಕೆಳಗೆ ಕೂರ್ತದೆ. ಎರಡನೇದ್ರಲ್ಲಿ ಎಣ್ಣೆ ಮೇಲೆ ತೇಲ್ತದೆ, ನೀರು ಅಡಿಯಲ್ಲಿರ್ತದೆ, ಮೂರನೇ ಖಾನೆಗೆ ಹೋಗೋ ಪೈಪನ್ನ ಮೇಲೆ ಇಡದೆ ಬಗ್ಗಿಸಿ ಅಡಿಯಿಂದ ತಗೊಂಡ್ರೆ ನೀರು ಮಾತ್ರ ದಾಟ್ತದೆ, ಎಣ್ಣೆ ಅಲ್ಲೇ ಉಳೀತದೆ, ವಾರಕ್ಕೊಮ್ಮೆ ಮಗ್ಗಿನಲ್ಲಿ ಮೊಗೆದು ಡ್ರಮ್ಮಿಗೆ ಹಾಕೋದು. ನಮ್ಮೂರ ಗವಂಡಿಯೇ ಆರು ದಿನದಲ್ಲಿ ಕಟ್ಟಿಕೊಟ್ರು. ಒಂದು ಲಾರಿಗೆ ಹೊಸ ಟಯರ್ ಜೋಡಿ ಹಾಕಿಸೋವಷ್ಟು ಖರ್ಚು ಬರಲಿಲ್ಲ. ಹದಿನಾರು ವರ್ಷದ ಹಿಂದೆ ಯಾರಾದ್ರೂ ಕನ್ನಡದಲ್ಲಿ ಮೂರು ವಾಕ್ಯ ಹೇಳಿದ್ರೆ ಅವತ್ತೇ ಕಟ್ಟಿಸ್ತಿದ್ದೆ, ಇದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರೀತದೆ.

ಆಮೇಲೆ ನಾನು ಕಾನೂನು ಓದೋಕೆ ಶುರು ಮಾಡಿದೆ, ಮಗಳ ಸಹಾಯದಿಂದಲೇ. ಜಲ ಮಾಲಿನ್ಯದ ಕಾಯ್ದೆ 1974ರದ್ದು, ವಾಯು ಮಾಲಿನ್ಯದ್ದು 1981, ಭೋಪಾಲದ ಅನಿಲ ದುರಂತ 1984ರಲ್ಲಿ ಆದಮೇಲೆ ದೊಡ್ಡ ಪರಿಸರ ಸಂರಕ್ಷಣಾ ಕಾಯ್ದೆ 1986ರಲ್ಲಿ ಬಂತು. 2016ರಲ್ಲಿ ಎಲ್ಲಾ ಉದ್ದಿಮೆಗಳಿಗೂ ಅಂಕ ಕೊಟ್ಟು ಬಣ್ಣ ಹಚ್ಚಿದ್ರು, 60 ಮತ್ತು ಮೇಲೆ ಕೆಂಪು, 41ರಿಂದ 59 ಆರೆಂಜ್, 21ರಿಂದ 40 ಹಸಿರು, ಅದಕ್ಕಿಂತ ಕೆಳಗೆ ಬಿಳಿ, ಆ ಲೆಕ್ಕದಲ್ಲಿ ನಮ್ಮ ಸರ್ವಿಸ್ ಸ್ಟೇಶನ್ನು ಆರೆಂಜ್ ಆಗಿತ್ತು. ಇಷ್ಟು ಬಹಳ ಜನರಿಗೆ ಅಲ್ಪಸ್ವಲ್ಪ ಗೊತ್ತಿರಬಹುದು. ನಂಗೆ ಆಶ್ಚರ್ಯ ಆದದ್ದು 1974ರ ಕಾಯ್ದೆಯ 25ನೇ ಸೆಕ್ಷನ್ ಓದಿದಾಗ. ಮಂಡಳಿ ಕೊಟ್ಟ ಕನ್ಸೆಂಟ್‌ಗಳದ್ದು, ಅದಕ್ಕೆ ಹಾಕಿದ ಕಂಡೀಶನ್‌ಗಳದ್ದು ಒಂದು ರಿಜಿಸ್ಟರ್ ಇಡಬೇಕು, ಆ ನೀರಿನಿಂದ ಬಾಧೆ ಆಗುವ ಯಾರು ಬೇಕಾದ್ರೂ ಬಂದು ಅದನ್ನ ನೋಡಬಹುದು ಅಂತ ಅದರಲ್ಲೇ ಬರೆದಿದೆ. ಐವತ್ತು ವರ್ಷದ ಹಿಂದಿನ ಕಾನೂನು! ಅಂದ್ರೆ ನನ್ನ ರ‍್ಯಾಂಪಿನಿಂದ ಎಂಥ ನೀರು ಹೊರಗೆ ಬರಬೇಕು ಅಂತ ತಿಳ್ಕೊಳ್ಳೋ ಹಕ್ಕು ಬಳಚು ಆರಿಸುವ ಆ ಅಮ್ಮನಿಗೆ 1974ರಿಂದಲೂ ಇದೆ. ನಾನು ಈ ಆರು ತಿಂಗಳಲ್ಲಿ ಇಪ್ಪತ್ತು ಮೂವತ್ತು ಜನರನ್ನ ಕೇಳಿದೆ, ನಮ್ಮಂಥ ಮಾಲೀಕರು, ಪಂಚಾಯ್ತಿ ಮೆಂಬರ್‌ಗಳು, ಮೀನುಗಾರ ಮುಖಂಡರು, ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ರೂ ಮಾಡೋದೆಂತ, ಪ್ರಾದೇಶಿಕ ಕಚೇರಿ ಕಾರವಾರದಲ್ಲಿ, ಕುಮಟಾದಿಂದ ಎಪ್ಪತ್ತು ಕಿಲೋಮೀಟರ್ ಹತ್ರ, ಇಳಿತ ನೋಡ್ಕೊಂಡು ದುಡಿಯುವ ಹೆಂಗಸು ಒಂದು ದಿನದ ಅನ್ನ ಬಿಟ್ಟು ಬಸ್ಸು ಹತ್ತಿ ಹೋಗಿ ಇಂಗ್ಲಿಷ್ ರಿಜಿಸ್ಟರ್ ಬಿಡಿಸಿ ಎಂತ ಓದಬೇಕು?

ಅದೇ ಸೆಕ್ಷನ್ನಲ್ಲಿ ಇನ್ನೊಂದಿದೆ, ಅರ್ಜಿ ಹಾಕಿ ನಾಲ್ಕು ತಿಂಗಳೊಳಗೆ ಮಂಡಳಿ ಹೌದು ಅಲ್ಲ ಏನೂ ಹೇಳದಿದ್ರೆ ಕನ್ಸೆಂಟ್ ಸಿಕ್ಕಿದ ಹಾಗೇ ಲೆಕ್ಕ. ಉದ್ದಿಮೆಯವನಾಗಿ ನಂಗೆ ಇದು ಸರಿ ಅನಿಸ್ತದೆ, ವರ್ಷಗಟ್ಟಲೆ ಫೈಲ್ ಕೂತ್ರೆ ಸಾಲ ತಗೊಂಡವ ಸಾಯ್ತಾನೆ. ಆದ್ರೆ ಪಕ್ಕದ ಮನೆಯವನಾಗಿ ನೋಡಿದ್ರೆ, ಅಲ್ಲೊಂದು ಅರ್ಜಿ ಬಿದ್ದಿದೆ ಅಂತಲೇ ಗೊತ್ತಾಗದೆ ನಾಲ್ಕು ತಿಂಗಳು ಕಳೆದು ಹೋಗಿರ್ತದೆ.

ದೊಡ್ಡ ಯೋಜನೆಗಳಿಗೆ ಇಷ್ಟು ಕತ್ತಲೆ ಇಲ್ಲ ಅನ್ನೋದೇ ವಿಚಿತ್ರ. ಬಂದರು, ಗಣಿ, ಪವರ್ ಪ್ಲಾಂಟ್ ಥರದ್ದಕ್ಕೆ 2006ರ ಇಐಎ (ಪರಿಸರದ ಮೇಲಾಗೋ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಜನರ ಅಹವಾಲು ಕೇಳೋ ಸಭೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ನಮ್ಮ ಭಾಷೆಯಲ್ಲಿ ಇಡಬೇಕು, ಕ್ಲಿಯರೆನ್ಸ್ ಸಿಕ್ಕಿದ ಮೇಲೆ ಸ್ಥಳೀಯ ಪೇಪರಿನಲ್ಲಿ ಜಾಹೀರಾತು ಹಾಕಬೇಕು, ಪಂಚಾಯ್ತಿಗೆ ಪ್ರತಿ ಕೊಡಬೇಕು, ಪಂಚಾಯ್ತಿ ಅದನ್ನ 30 ದಿನ ಜನರಿಗೆ ಕಾಣೋ ಹಾಗೆ ಹಾಕಬೇಕು. ಅದು ಎಷ್ಟು ಸರಿಯಾಗಿ ನಡೀತದೆ ಅಂತ ನಮ್ಮ ಕರಾವಳಿಯ ಜನರಿಗೆ ಹೇಳೋದು ಬೇಡ, ಆದ್ರೆ ಕಾಗದದ ಮೇಲಾದ್ರೂ ಇದೆ, ಅದನ್ನ ಹಿಡ್ಕೊಂಡು ಜಗಳ ಮಾಡಬಹುದು. 2020ರಲ್ಲಿ ಕೇಂದ್ರ ಸರ್ಕಾರ ಹೊಸ ಇಐಎ ಕರಡು ಇಂಗ್ಲಿಷ್ ಹಿಂದಿಯಲ್ಲಿ ಮಾತ್ರ ತಂದಾಗ ದೆಹಲಿ ಹೈಕೋರ್ಟು ಜೂನ್ 30ಕ್ಕೆ, ಎಂಟನೇ ಅನುಸೂಚಿಯ 22 ಭಾಷೆಗೂ ಹತ್ತು ದಿನದಲ್ಲಿ ತರ್ಜುಮೆ ಮಾಡಿ ಅಂತ ಹೇಳ್ತು, ಸರ್ಕಾರ ಅದನ್ನ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋಯ್ತು. ಅದಕ್ಕೂ ಮೊದಲು 2003ರಲ್ಲೇ ಸುಪ್ರೀಂ ಕೋರ್ಟು, ಅಪಾಯಕಾರಿ ತ್ಯಾಜ್ಯದ ಕಾರ್ಖಾನೆಗಳು ಒಳಗೆ ಎಂಥ ರಾಸಾಯನಿಕ ಇದೆ, ಎಂಥ ನೀರು ಎಂಥ ಹೊಗೆ ಬಿಡ್ತಾರೆ ಅಂತ ಮೇನ್ ಗೇಟಿನ ಹೊರಗೆ ಬೋರ್ಡ್ ಹಾಕಬೇಕು ಅಂತ ಆದೇಶ ಮಾಡಿದೆ. ಅಂದ್ರೆ ನಾನು ಕೇಳ್ತಿರೋದು ಹೊಸದೇನಲ್ಲ. ದೊಡ್ಡವರಿಗೆ ಹೇಳಿದ್ದನ್ನ ಸಣ್ಣವರಿಗೂ ತನ್ನಿ, ಒಂದೂರಲ್ಲಿ ದೊಡ್ಡ ಕಾರ್ಖಾನೆ ಒಂದಿದ್ರೆ ನನ್ನಂಥ ಅಂಗಡಿ ಇಪ್ಪತ್ತಿರ್ತವೆ, ಹಳ್ಳಕ್ಕೆ ದಿನಾ ಸೇರೋದು ನಮ್ಮ ನೀರೇ.

ನನ್ನ ಬೇಡಿಕೆ ಇಷ್ಟು. ಕನ್ಸೆಂಟ್ ಕೊಡುವಾಗ ಅದರ ಕಂಡೀಶನ್‌ಗಳನ್ನ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಕೊಡಿ, ಅದನ್ನ ಗೇಟಿನ ಹೊರಗೆ ಓದೋಕೆ ಬರೋ ಹಾಗೆ ಹಾಕೋದನ್ನೂ ಒಂದು ಕಂಡೀಶನ್ ಮಾಡಿ, ಒಂದು ಪ್ರತಿ ಪಂಚಾಯ್ತಿ ಅಥವಾ ಪುರಸಭೆ ನೋಟಿಸ್ ಬೋರ್ಡಿಗೆ. ರೇಷನ್ ಅಂಗಡಿಯವ ಅಕ್ಕಿ ಎಷ್ಟು ಬಂತು ಎಷ್ಟು ಉಳೀತು ಅಂತ ಬೋರ್ಡ್ ಬರೀತಾನೆ, ಉದ್ಯೋಗ ಖಾತ್ರಿ ಕೆಲಸ ಆದಲ್ಲಿ ಎಷ್ಟು ಖರ್ಚಾಯ್ತು ಅಂತ ಕಲ್ಲು ನೆಡ್ತಾರೆ, ನಮ್ಮಿಂದ ಯಾಕೆ ಆಗೋದಿಲ್ಲ? ಅಂಗಡಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ ನಮ್ಮ ಸರ್ಕಾರ 2024ರಲ್ಲಿ ಕಾನೂನು ತಿದ್ದುಪಡಿ ಮಾಡ್ತು, ಸಂತೋಷ, ನಾನೂ ಬೋರ್ಡ್ ಬದಲಿಸಿದೆ. ಅಂಗಡಿ ಹೆಸರು ಎಲ್ಲರಿಗೂ ಮೊದಲೇ ಗೊತ್ತಿತ್ತು. ಹಿಂದಿನ ಗಟಾರದಲ್ಲಿ ಎಂತ ಬಿಡಬಾರದು ಅನ್ನೋದು ಯಾರಿಗೂ ಗೊತ್ತಿರಲಿಲ್ಲ, ಕನ್ನಡ ಬೇಕಾಗಿದ್ದು ಅಲ್ಲಿ.

ಈ ಮಾತನ್ನ ನಾನು ನಮ್ಮ ಕಡೆಯ ಗ್ಯಾರೇಜಿನವರು, ಹೋಟೆಲಿನವರು ಸೇರಿದಾಗ ಹೇಳಿದೆ, ಬಹಳ ಜನಕ್ಕೆ ಸಿಟ್ಟು ಬಂತು. ನಮ್ಮ ಕುತ್ತಿಗೆಗೆ ನಾವೇ ಹಗ್ಗ ಕೊಡೋದಾ ಅಂತ ಕೇಳಿದ್ರು. ಕಂಡೀಶನ್ ಗೇಟಿಗೆ ಹಾಕಿದ್ರೆ ಹೋಗಿ ಬರೋ ಪ್ರತಿಯೊಬ್ಬ ಫೋಟೋ ಹೊಡ್ಕೊಂಡು ಇದು ಪಾಲಿಸಿಲ್ಲ ಅದು ಪಾಲಿಸಿಲ್ಲ ಅಂತ ದುಡ್ಡು ಕೇಳೋಕೆ ಶುರು ಮಾಡ್ತಾನೆ ಅಂದ್ರು. ಈ ಹೆದರಿಕೆ ಸುಳ್ಳಲ್ಲ, ಕಾರ್ಡ್ ತೋರಿಸಿ ಹೆದರಿಸಿ ದುಡ್ಡು ಕೇಳೋರು ನನ್ನ ಅಂಗಡಿಗೂ ಎರಡು ಸಲ ಬಂದಿದ್ದಾರೆ. ಆದ್ರೆ ಯೋಚನೆ ಮಾಡಿ, ಅವರಿಗೆ ನಾನು ಯಾಕೆ ಹೆದರಿದೆ? ನನ್ನ ಪತ್ರದಲ್ಲಿ ಎಂತ ಬರೆದಿದೆ ಅಂತ ಅವರಿಗೆ ಗೊತ್ತಿತ್ತು, ನಂಗೆ ಗೊತ್ತಿರಲಿಲ್ಲ. ಓದಿದವ ಓದದವನನ್ನ ಹೆದರಿಸೋದು ಸುಲಭ. ಈಗ ಬಂದ್ರೆ ಬನ್ನಿ ಟ್ಯಾಂಕ್ ನೋಡಿ, ಪುಸ್ತಕ ನೋಡಿ ಅಂತೇನೆ, ಹಾಗಂದಮೇಲೆ ಒಬ್ಬರೂ ಕೂತು ಚಾ ಕುಡೀಲಿಲ್ಲ.

ಇನ್ನೊಬ್ಬರು ಹಿರಿಯರು, ನಂಗೆ ಗೌರವ ಇದೆ ಅವರ ಮೇಲೆ, ಬೇರೆ ಮಾತು ಹೇಳಿದ್ರು. ಹೊಳೆಗೆ ವಿಷ ಬಿಡೋ ದೊಡ್ಡವರನ್ನ ಬಿಟ್ಟು ನಮ್ಮ ಹಿಂದೆ ಯಾಕೆ ಬೀಳಬೇಕು ಅಂತ. ದೊಡ್ಡವರನ್ನ ಬಿಡಿ ಅಂತ ನಾನು ಎಲ್ಲೂ ಹೇಳಿಲ್ಲ. ನನ್ನ ಗೇಟಿನ ಮೇಲೆ ಲೀಟರಿಗೆ 10 ಮಿಲಿಗ್ರಾಂ ಅಂತ ಬರ್ಕೊಂಡು ನಿಂತಾಗ ಮಾತ್ರ ದೊಡ್ಡ ಗೇಟಿನ ಮುಂದೆ ನಿಂತು ನಿಮ್ಮದು ಎಷ್ಟು ಅಂತ ಕೇಳೋ ಧೈರ್ಯ ಬರ್ತದೆ ನಂಗೆ.

ಇಂಗ್ಲಿಷ್ ಕಾಗದ ನಮ್ಮ ಜನರನ್ನ ತಪ್ಪು ಮಾಡಿಸೋದು ಒಂದು ಕಡೆ, ಕಾನೂನು ಕೊಟ್ಟ ಅವಕಾಶವನ್ನೂ ತಪ್ಪಿಸ್ತದೆ, ಇದನ್ನೂ ಹೇಳಬೇಕು. ಸುಟ್ಟ ಆಯಿಲ್ 90 ದಿನ ಅಂದೆನಲ್ಲ, 2016ರ ಅದೇ ನಿಯಮದಲ್ಲಿ ವರ್ಷಕ್ಕೆ 10 ಟನ್‌ವರೆಗಿನ ಸಣ್ಣವರಿಗೆ ಮಂಡಳಿ ಅದನ್ನ 180 ದಿನದವರೆಗೆ ವಿಸ್ತರಿಸಬಹುದು ಅಂತಲೂ ಇದೆ, ಅರ್ಜಿ ಕೊಡಬೇಕು ಅಷ್ಟೇ. ನನ್ನ ಏಜೆಂಟ್ರು ಹೇಳಲಿಲ್ಲ. ಗೋಕರ್ಣದಲ್ಲಿ ನನ್ನ ಹೆಂಡತಿ ಕಡೆ ಸಂಬಂಧಿಕರೊಬ್ಬರು ಅಜ್ಜನ ಕಾಲದ ಮನೆಯಲ್ಲಿ ಎರಡು ಕೋಣೆ ಪ್ರವಾಸಿಗರಿಗೆ ಕೊಡ್ತಾರೆ, ಸಿಆರ್‌ಝಡ್ ಅಂದ್ರೆ ಕರಾವಳಿ ನಿಯಂತ್ರಣ ವಲಯದ ಕಾನೂನು, ಅದರ ಹೆಸರಲ್ಲಿ ಯಾವತ್ತಾದ್ರೂ ಬಂದು ಒಡೀತಾರೆ ಅಂತ ಐದಾರು ವರ್ಷ ನಿದ್ದೆ ಕೆಟ್ಟಿದ್ದಾರೆ. ಸಿಆರ್‌ಝಡ್ ಅಧಿಸೂಚನೆಯಲ್ಲಿ ಸ್ಥಳೀಯ ಜನ, ಮೀನುಗಾರರು, ತಮ್ಮ ಇದ್ದ ಮನೆಯ ಬುನಾದಿಯ ಅಳತೆ, ವಿನ್ಯಾಸ, ಎದುರು ಭಾಗ ಬದಲಿಸದೇ ಹೋಮ್‌ಸ್ಟೇ ನಡೆಸೋಕೆ ಅವಕಾಶ ಇದೆ. ಅವರು ಹೆದರಿಕೆಯಲ್ಲೇ ಯಾರ್ಯಾರಿಗೋ ದುಡ್ಡು ಕೊಟ್ಟಿದ್ದಾರೆ. ಇನ್ನೊಂದು ಕಡೆ, ಸಿಆರ್‌ಝಡ್ ಅಂದ್ರೆ ಸಮುದ್ರದ ದಂಡೆ ಮಾತ್ರ, ಹೊಳೆಗೆ ಬರೋದಿಲ್ಲ ಅಂತ ನಮ್ಮ ದೀವಗಿ, ಮಿರ್ಜಾನ್, ಕೊಡ್ಕಣಿ ಕಡೆ ಎಷ್ಟೋ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಸಮುದ್ರದಿಂದಾದ್ರೆ ಭರತದ (ಉಬ್ಬರದ) ಗೆರೆಯಿಂದ 500 ಮೀಟರ್. ಹೊಳೆಯಲ್ಲೂ ಉಬ್ಬರ ಇಳಿತ ಮುಟ್ಟೋವರೆಗೆ ಅದು ಬರ್ತದೆ, ಎಲ್ಲಿವರೆಗೆ ಅಂದ್ರೆ ವರ್ಷದ ಅತಿ ಒಣ ಕಾಲದಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಪಾಲು ಇರೋ ಜಾಗದವರೆಗೆ. 2019ರ ಅಧಿಸೂಚನೆ ಪ್ರಕಾರ ಅಂಥ ಹೊಳೆ ದಂಡೆಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಮ್ಮಿಯೋ ಅಷ್ಟು. ಏಪ್ರಿಲ್ ಮೇ ತಿಂಗಳಲ್ಲಿ ಉಪ್ಪುನೀರು ಎಲ್ಲಿವರೆಗೆ ಏರ್ತದೆ ಅಂತ ನಮ್ಮ ಹೆಂಗಸರು ಬಾವಿ ನೀರು ಬಾಯಿಗೆ ಹಾಕಿ ಹೇಳ್ತಾರೆ. ಅವರ ನಾಲಿಗೆಗೆ ಗೊತ್ತಿದ್ದ ಗೆರೆಯೇ ಕಾನೂನಿನ ಗೆರೆ, ಅವರ ಭಾಷೆಯಲ್ಲಿ ಹೇಳಿದವರಿಲ್ಲ.

ಸುಟ್ಟ ಆಯಿಲ್ ವಿಷಯಕ್ಕೆ ಇನ್ನೊಂದು ಮಾತು ಬರೀದೇ ಇರೋಕಾಗೋದಿಲ್ಲ. ನನ್ನ ಹತ್ರ ಆಯಿಲ್ ಕೇಳ್ಕೊಂಡು ದಿನಾ ಜನ ಬರ್ತಾರೆ. ಸೆಂಟ್ರಿಂಗ್ ಶೀಟಿಗೆ ಬಳಿಯೋಕೆ, ಬೇಲಿ ಗೂಟಕ್ಕೆ ಗೆದ್ದಲು ಹಿಡೀಬಾರದು ಅಂತ, ಮನೆ ಮಾಡಿನ ಪಕಾಸಿಗೆ, ದೋಣಿಯ ಮರಕ್ಕೆ. ಮೊದಲು ಕ್ಯಾನಿಗೆ ಇಷ್ಟು ಅಂತ ಕೊಡ್ತಿದ್ದೆ, ಕಾನೂನು ಪ್ರಕಾರ ಕೊಡೋ ಹಾಗಿಲ್ಲ ಅಂತ ಗೊತ್ತಾದ ಮೇಲೆ ನಿಲ್ಲಿಸಿದೆ. ನಾನು ಕೊಡದಿದ್ರೆ ಇನ್ನೊಬ್ಬ ಕೊಡ್ತಾನೆ. ನನ್ನಲ್ಲಿ ಮೂರು ತಿಂಗಳಿಗೆ ಎರಡು ಡ್ರಮ್ ತುಂಬೋದು ಕಷ್ಟ, ಎರಡು ಡ್ರಮ್ಮಿಗಾಗಿ ರಿಸೈಕ್ಲರ್ ಲಾರಿ ಇಲ್ಲಿವರೆಗೆ ಬರೋದಿಲ್ಲ, ಫೋನ್ ಮಾಡಿದ್ರೆ ಲೋಡ್ ಆದಾಗ ಹೇಳಿ ಅಂತಾರೆ. ಇದು ನನ್ನೊಬ್ಬನ ಕತೆಯಲ್ಲ, ಬೈತಖೋಲ, ತದಡಿ, ಹೊನ್ನಾವರ, ಭಟ್ಕಳ ಬಂದರಲ್ಲಿ ಎಷ್ಟು ಬೋಟಿವೆ, ಪ್ರತಿ ಬೋಟಿನ ಎಂಜಿನ್ ಆಯಿಲ್ ಬದಲಿಸಲೇಬೇಕು, ಬದಲಿಸಿದ್ದು ಎಲ್ಲಿ ಹೋಗ್ತದೆ? ಕಾನೂನು ಬರೆದವರು ದೊಡ್ಡ ಕಾರ್ಖಾನೆ ಕಣ್ಮುಂದೆ ಇಟ್ಕೊಂಡು ಬರೆದಿದ್ದಾರೆ, ಸಣ್ಣವನ ಎರಡು ಡ್ರಮ್ಮಿಗೆ ದಾರಿ ಮಾಡಿಲ್ಲ. ತಾಲೂಕಿಗೊಂದು, ಬಂದರಿಗೊಂದು ಆಯಿಲ್ ಸಂಗ್ರಹ ಕೇಂದ್ರ ಮಾಡಿ, ನಾವು ತಂದು ಹಾಕ್ತೇವೆ, ರಶೀದಿ ಕೊಡಿ ಸಾಕು. ಹಾಲಿನ ಡೇರಿಗೆ ಬೆಳಿಗ್ಗೆ ಅರ್ಧ ಲೀಟರ್ ತರೋರಿಂದಲೂ ಅಳೆದು ತಗೊಳ್ಳೋ ವ್ಯವಸ್ಥೆ ನಮ್ಮ ಹಳ್ಳಿಹಳ್ಳಿಯಲ್ಲಿ ನಡೀತಾ ಇದೆಯಲ್ಲ.

ದಂಡದ ಬಗ್ಗೆ ಬೇಗ ಹೇಳಿ ಮುಗಿಸ್ತೇನೆ. 2023ರ ಜನ ವಿಶ್ವಾಸ್ ಕಾಯ್ದೆ ಬಂದು, 2024ರ ಏಪ್ರಿಲ್ 1ರಿಂದ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲಿದ್ದ ಐದು ವರ್ಷದವರೆಗಿನ ಜೈಲು ಹೋಗಿ 10 ಸಾವಿರದಿಂದ 15 ಲಕ್ಷದವರೆಗೆ ದಂಡ ಬಂದಿದೆ. ನಮ್ಮವರು ಬಹಳ ಜನ ಖುಷಿಪಟ್ರು, ಜೈಲಿಲ್ಲ ಅಂತ. ನಂಗೆ ಅಷ್ಟು ಖುಷಿ ಆಗಲಿಲ್ಲ. 15 ಲಕ್ಷ ಒಬ್ಬನಿಗೆ ಒಂದು ದಿನದ ಡೀಸೆಲ್ ಖರ್ಚು, ಇನ್ನೊಬ್ಬನಿಗೆ ಮನೆ ಹರಾಜು. ದಂಡ ಹಾಕೋರ ಕೈಯಲ್ಲಿ ಈಗ ಜಾಸ್ತಿ ಅಧಿಕಾರ ಬಂತು, ಅಂಥಾದ್ರಲ್ಲಿ ಯಾವ ಕಂಡೀಶನ್ ಮುರಿದದ್ದಕ್ಕೆ ದಂಡ ಅಂತ ದಂಡ ಕಟ್ಟೋನಿಗೇ ಓದೋಕೆ ಬರಬೇಕು, ಅಷ್ಟಾದ್ರೂ ನ್ಯಾಯ ಬೇಡ್ವಾ?

ಯಾರೂ ಮಾಡೋವರೆಗೆ ಕಾಯೋದು ಬೇಡ ಅಂತ ಜನವರಿಯಲ್ಲಿ ನಾನೇ ಬೋರ್ಡ್ ಮಾಡಿಸಿದೆ. ಮೂರಡಿ ನಾಲ್ಕಡಿ ತಗಡು, ಬಿಳಿ ಬಣ್ಣದ ಮೇಲೆ ನೀಲಿ ಅಕ್ಷರ. ನನ್ನ ಕನ್ಸೆಂಟ್ ನಂಬರು, ಎಲ್ಲಿವರೆಗೆ ಇದೆ, ನೀರಲ್ಲಿ ಎಣ್ಣೆ ಎಷ್ಟು ಮೀರಬಾರದು, ಆಯಿಲ್ ಎಲ್ಲಿ ಕೊಡಬೇಕು, ಟ್ಯಾಂಕ್ ಯಾವ ವಾರ ತೆಗೆದಿದ್ದೇವೆ, ಎಲ್ಲಾ ಬರೆಸಿದೆ. ಬರೆದ ಪೇಂಟರು ಅರ್ಧಕ್ಕೆ ನಿಲ್ಲಿಸಿ "ಇದನ್ನ ಹೊರಗೆ ಹಾಕ್ತೀರಾ, ಒಳಗಾ" ಅಂತ ಕೇಳಿದ್ರು. ಹುಡುಗರಿಗೂ ಈಗ ಗೊತ್ತು, ರ‍್ಯಾಂಪಿನ ಮೇಲೆ ಆಯಿಲ್ ಚೆಲ್ಲಿದ್ರೆ ನೀರು ಹೊಡೆಯೋದಿಲ್ಲ, ಮರದ ಹೊಟ್ಟು ಹಾಕಿ ಗುಡಿಸ್ತಾರೆ. ಜೂನ್ 30, ಸೆಪ್ಟೆಂಬರ್ 30 ಎರಡನ್ನೂ ಗೋಡೆ ಕ್ಯಾಲೆಂಡರಿನಲ್ಲಿ ಚೌತಿ ದೀಪಾವಳಿ ಥರ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ, ಹೋದ ಸೆಪ್ಟೆಂಬರಿನದ್ದು ಕಳಿಸಿಯೂ ಆಯ್ತು.

ಬಳಚಿನ ಅಮ್ಮ ಮಾರ್ಚಿನಲ್ಲಿ ಆ ದಾರಿಯಲ್ಲಿ ಹೋಗುವಾಗ ಬೋರ್ಡಿನ ಮುಂದೆ ನಿಂತಿದ್ರು, ಜೊತೆಗೆ ಶಾಲೆಗೆ ಹೋಗೋ ಮೊಮ್ಮಗ. ಅವರಿಗೆ ಓದೋಕೆ ಬರೋದಿಲ್ಲ, ಹುಡುಗ ಜೋರಾಗಿ ಒಂದೊಂದೇ ಸಾಲು ಓದಿ ಹೇಳಿದ. ಲೀಟರಿಗೆ 10 ಮಿಲಿಗ್ರಾಂ ಅನ್ನೋದು ಅವರಿಗೆ ಅರ್ಥ ಆಗಲಿಲ್ಲ, ನಾನು ಹೊರಗೆ ಬಂದು ಟ್ಯಾಂಕಿನ ಮುಚ್ಚಳ ಎತ್ತಿ ಮೂರು ಖಾನೆ ತೋರಿಸಿದೆ. ಬಗ್ಗಿ ನೋಡಿದ್ರು, ಮೂರನೇ ಖಾನೆಯ ನೀರಿಗೆ ಬೆರಳದ್ದಿ ಮೂಸಿದ್ರು. ಆಮೇಲೆ ಒಂದೇ ಪ್ರಶ್ನೆ ಕೇಳಿದ್ರು, "ಮಳೆಗಾಲದಾಗೆ ಎಂತ ಮಾಡ್ತೆ?"

ನಂಗೆ ಉತ್ತರ ಇರಲಿಲ್ಲ. ನಮ್ಮ ಕಡೆ ಮಳೆ ಅಂದ್ರೆ ಗೊತ್ತಲ್ಲ, ರ‍್ಯಾಂಪಿಗೆ ಮೇಲೆ ಸೂರಿಲ್ಲ, ಬಿದ್ದ ಮಳೆಯೆಲ್ಲಾ ಟ್ಯಾಂಕಿಗೆ ಬಂದ್ರೆ ಅರ್ಧ ಗಂಟೆಯಲ್ಲಿ ಮೂರೂ ಖಾನೆ ತುಂಬಿ ಮೇಲೆ ತೇಲಿದ ಎಣ್ಣೆಯೆಲ್ಲಾ ಎತ್ಕೊಂಡು ಗಜನಿಗೇ ಹೋಗ್ತದೆ, ಹಿಂದಿಗಿಂತ ಕೆಟ್ಟದಾಗಿ. ಅದನ್ನ ನಾನಾಗಲೀ, ಮಗಳಾಗಲೀ, ಗವಂಡಿಯಾಗಲೀ ಯೋಚನೆ ಮಾಡಿರಲಿಲ್ಲ, ಅವರು ಒಂದು ನಿಮಿಷದಲ್ಲಿ ಕಂಡುಹಿಡಿದ್ರು. ಈಗ ರ‍್ಯಾಂಪಿನ ಮೇಲೆ ಶೀಟ್ ಹೊದಿಸಿ ಸುತ್ತ ಅರ್ಧ ಅಡಿ ಕಟ್ಟೆ ಕಟ್ಟಿಸ್ತಾ ಇದ್ದೇನೆ, ಮಳೆ ನೀರಿಗೆ ಬೇರೆ ಗಟಾರ. ಮೇ 20ರೊಳಗೆ ಮುಗಿಸ್ತೇನೆ ಅಂತ ಬೋರ್ಡಿನ ಕೆಳಗೆ ಹೊಸ ಸಾಲು ಬರೆಸಿದ್ದೇನೆ, ಆ ಹುಡುಗ ಅದನ್ನೂ ಓದಿ ಅಜ್ಜಿಗೆ ಹೇಳಿದ್ದಾನೆ. ಬೋರ್ಡಿನ ಫೋಟೋ ಈ ಪತ್ರದ ಜೊತೆಗಿದೆ, ಜಾಗ ಇದ್ರೆ ಹಾಕಿ.

ಇಂತಿ,
ಸರ್ವಿಸ್ ಸ್ಟೇಶನ್ ಮಾಲೀಕ, ಕುಮಟಾ ತಾಲೂಕು